ಮಗು ತೀರಾ ದಪ್ಪವಾಗುವ ಸಾಧ್ಯತೆ ಇದೆಯೇ? ತಾಯಿಯ ಕಡೆಯಿಂದ ಲೆಕ್ಕ ಹಾಕುವುದು ಹೀಗೆ

ಮಗು ಹುಟ್ಟಿತು ಅಂದ ಕೂಡಲೇ ನಾವು ಕೇಳುವುದು ‘ಗಂಡೋ ಹೆಣ್ಣೋ’, ಆಮೇಲೆ ‘ತೂಕ ಎಷ್ಟು?’. ನಾಲ್ಕೂಕಾಲು ಕಿಲೋ ಅಂದರೆ ಮನೆಯವರಿಗೆಲ್ಲ ಹಿಗ್ಗು. ಡಾಕ್ಟರಿಗೆ ಮಾತ್ರ ಚಿಂತೆ. 4 ಕಿಲೋ ದಾಟಿದ ಮಗುವಿನ ತಲೆ ಹೊರಬಂದ ಮೇಲೂ ಭುಜ ಸಿಕ್ಕಿಕೊಳ್ಳಬಹುದು. ತಾಯಿಗೆ ರಕ್ತಸ್ರಾವ ಜಾಸ್ತಿಯಾಗಬಹುದು.

1. ಹಳೆಯದನ್ನು ಹೇಳಿ. ಹಿಂದಿನ ಮಗು 4 ಕಿಲೋ ಮೇಲಿತ್ತೇ? ಆಗ ಸಕ್ಕರೆ ಏರಿತ್ತೇ? ತವರಿನಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ಮೊದಲ ಚೆಕಪ್‌ನಲ್ಲೇ ಇದನ್ನೆಲ್ಲ ಹೇಳಿಬಿಡಿ. ವಯಸ್ಸು 35 ದಾಟಿದ್ದರೆ, ಈಗಾಗಲೇ ಎರಡು ಮೂರು ಹೆರಿಗೆ ಆಗಿದ್ದರೆ ಸಾಧ್ಯತೆ ಇನ್ನಷ್ಟು ಹೆಚ್ಚು.

2. ಬಸುರಿಗೆ ಮುಂಚಿನ ತೂಕ ನೋಡಿ. ತೂಕವನ್ನು ಎತ್ತರದಿಂದ (ಮೀಟರಿನಲ್ಲಿ) ಎರಡು ಸಲ ಭಾಗಿಸಿ. 68 ಕಿಲೋ, 1.55 ಮೀಟರ್ ಇದ್ದವರಿಗೆ 28 ಬರುತ್ತದೆ. ಇದು ಬಿಎಂಐ. 25ರಿಂದ 30ರೊಳಗೆ ಇದ್ದರೆ ಒಂಬತ್ತು ತಿಂಗಳಲ್ಲಿ 7ರಿಂದ 11.5 ಕಿಲೋ ಏರಿದರೆ ಸಾಕು. 30 ದಾಟಿದ್ದರೆ 5ರಿಂದ 9 ಕಿಲೋ. ‘ಇಬ್ಬರಿಗಾಗಿ ತಿನ್ನಮ್ಮ’ ಎಂದು ಬಡಿಸುವ ಅತ್ತೆಗೂ ಈ ಲೆಕ್ಕ ತೋರಿಸಿ.

3. ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ತಾಯಿಯ ರಕ್ತದ ಸಕ್ಕರೆ ಮಾಸುಚೀಲ (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುತ್ತದೆ, ಆದರೆ ಸಕ್ಕರೆ ಇಳಿಸುವ ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಹಾಗಾಗಿ ಮಗುವೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಳ್ಳುತ್ತದೆ. ಹೆಚ್ಚಾದ ಸಕ್ಕರೆ ಕೊಬ್ಬಾಗಿ ಭುಜ, ಹೊಟ್ಟೆಯಲ್ಲಿ ಕೂರುತ್ತದೆ. ಭುಜ ಸಿಕ್ಕಿಕೊಳ್ಳುವುದು ಸುಮ್ನೆ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ನಡೆದ ಅಧ್ಯಯನದಲ್ಲೂ ಸಕ್ಕರೆ ಇದ್ದ ತಾಯಂದಿರ ಮಕ್ಕಳೇ ಹೆಚ್ಚು ತೂಕವಿದ್ದರು.

ಬಸುರಿಯಲ್ಲಿ ಸಕ್ಕರೆ ಏರಿದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯ ವಿಧಾನದಲ್ಲಿ ಖಾಲಿ ಹೊಟ್ಟೆ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿದು ಎರಡು ಗಂಟೆ ಕೂರಬೇಕು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನ ಬಿಟ್ಟು ಮರುದಿನ ಮಾಡಿಸಿ. ರಕ್ತದ ಸಕ್ಕರೆ 140 (ಮಿ.ಗ್ರಾಂ/ಡೆಸಿಲೀಟರ್) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿಯ ಸಕ್ಕರೆ ಎಂದು ಹಿಡಿಯುತ್ತಾರೆ. ‘ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ’ದಲ್ಲಿ ಪ್ರತಿ ತಿಂಗಳು 9ರಂದು ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಮರೆಯಬೇಡಿ.

4. ಸಕ್ಕರೆ ಬಂದರೆ ಉಪವಾಸ ಬೇಡ. ಊಟ ಬಿಡುವುದಲ್ಲ, ಹಂಚಿಕೊಳ್ಳುವುದು. ಮೂರು ಹೊತ್ತು ಊಟ, ನಡುವೆ ಎರಡು ಮೂರು ಸಲ ಸ್ವಲ್ಪ ತಿಂಡಿ. ಅನ್ನ ಕಡಿಮೆ, ಪಲ್ಯ, ಬೇಳೆ, ಕಾಳು, ಮೊಟ್ಟೆ ಜಾಸ್ತಿ. ರಾಗಿ ಸಕ್ಕರೆಗೆ ಒಳ್ಳೆಯದು ಎಂದು ಎರಡು ಮುದ್ದೆ ನುಂಗಿದರೆ ಅದೂ ಏರಿಸುತ್ತದೆ, ಹಿಟ್ಟು ಹಿಟ್ಟೇ ಅಲ್ವಾ? ಡಾಕ್ಟರು ಬೇಡ ಎನ್ನದಿದ್ದರೆ ಊಟವಾದ ಮೇಲೆ ಒಂದಿಷ್ಟು ನಡೆಯಿರಿ. ಊಟವಾಗಿ ಎರಡು ಗಂಟೆಗೆ ರಕ್ತದ ಸಕ್ಕರೆ 120ರ ಒಳಗೆ ಇರಬೇಕು. ಇಳಿಯದಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಕೊಡುತ್ತಾರೆ. ಇನ್ಸುಲಿನ್‌ಗೆ ಹೆದರಬೇಡಿ, ಅದು ಮಗುವನ್ನು ತಲುಪುವುದಿಲ್ಲ.

5. ಸ್ಕ್ಯಾನ್ ತೂಕವನ್ನೇ ನಂಬಿ ಕೂರಬೇಡಿ. ಕೊನೆಯ ತಿಂಗಳ ಸ್ಕ್ಯಾನ್ ಹೇಳುವುದು ಅಂದಾಜು. ಅರ್ಧ ಕಿಲೋ ಆಚೀಚೆ ಆಗುವುದುಂಟು. ಅಷ್ಟಕ್ಕೇ ‘ಸಿಸೇರಿಯನ್ ಮಾಡಿಬಿಡಿ’ ಎನ್ನುವುದು ಬೇಡ. ದಿನ ತುಂಬಿ ಮುಂದೆ ಹೋದಷ್ಟೂ ಮಗು ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಹೆರಿಗೆ ಯಾವ ವಾರ, ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

6. ಹುಟ್ಟಿದ ಮೇಲೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾಯಿಯ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಇನ್ನೂ ಜೋರಾಗಿಯೇ ಇರುತ್ತದೆ. ಆಗ ಅದರ ಸಕ್ಕರೆ ತಟ್ಟನೆ ಇಳಿಯಬಹುದು. ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಮಗುವಿನ ಸಕ್ಕರೆ ನೋಡಿದಿರಾ ಎಂದು ನರ್ಸನ್ನು ಕೇಳಿ. ಬಸುರಿಯಲ್ಲಿ ಸಕ್ಕರೆ ಇದ್ದ ಬಾಣಂತಿಗೂ ಆರು ವಾರಕ್ಕೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಿ.