ಮಳೆಹುಳ ಎಲ್ಲಿಂದ ಹೊರಟಿತು ನೋಡಿ

ರೋಹಿಣಿ ಮಳೆ ಒಮ್ಮೆ ಜೋರಾಗಿ ಹೊಡೆದು ನಿಂತ ಸಂಜೆ ನಮ್ಮ ಶಿರಸಿ ಕಡೆ ಮಳೆಹುಳ, ಅಂದರೆ ರೆಕ್ಕೆ ಬಂದ ಒರಲೆ (ಗೆದ್ದಲು), ಏಳುತ್ತದೆ. ಜಗಲಿ ದೀಪ ಹಾಕಿ ಐದು ನಿಮಿಷ ಆಗಿರುವುದಿಲ್ಲ, ಬಲ್ಬಿನ ಸುತ್ತ ಮುತ್ತಿಕೊಳ್ಳುತ್ತದೆ. ಊಟದ ಬಾಳೆಗೂ ಬೀಳುತ್ತದೆ. ನಮ್ಮ ಸೊಸೆ ಮೊದಲ ವರ್ಷ ಗಾಬರಿಯಾಗಿ ಸೊಳ್ಳೆ ಔಷಧದ ಡಬ್ಬಿ ತಂದಿದ್ದಳು. ಬೇಡ ಅಂದೆ. ಅನ್ನದ ಮೇಲೆ ವಿಷ ಬೀಳುತ್ತದೆ, ಗೂಡಿಗೆ ಏನೂ ಆಗುವುದಿಲ್ಲ.

ಒಳಗಿನ ದೀಪ ಆರಿಸಿ, ಕಿಟಕಿ ಬಾಗಿಲು ಹಾಕಿ. ಅಂಗಳದ ದೀಪ ಒಂದೇ ಇರಲಿ, ಅದರ ಕೆಳಗೆ ಅಗಲ ಪಾತ್ರೆಯಲ್ಲಿ ನೀರಿಡಿ. ಸ್ವಲ್ಪ ಹೊತ್ತಿಗೆ ಗಲಾಟೆ ಮುಗಿಯುತ್ತದೆ. ಬೆಳಿಗ್ಗೆ ಗುಡಿಸಿದರೆ ಆಯಿತು.

ಆದರೆ ಗುಡಿಸುವ ಮುಂಚೆ ಒಂದೆರಡು ಹುಳ ಬಿಳಿ ತಟ್ಟೆಯಲ್ಲಿಟ್ಟು ನೋಡಿ. ರೆಕ್ಕೆ ಬಂದ ಇರುವೆಯೂ ಇದೇ ಕಾಲಕ್ಕೆ ಏಳುತ್ತದೆ. ಇರುವೆಗೆ ಸಣ್ಣ ಸೊಂಟ, ಮಡಚಿದ ಮೀಸೆ, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ. ಒರಲೆಗೆ ಸೊಂಟವೇ ಇಲ್ಲ, ಮೈ ಒಂದೇ ದಪ್ಪ. ಮೀಸೆ ಮಣಿ ಪೋಣಿಸಿದ ಹಾಗೆ ನೆಟ್ಟಗೆ. ನಾಲ್ಕೂ ರೆಕ್ಕೆ ಒಂದೇ ಉದ್ದ, ಮೈ ದಾಟಿ ಹಿಂದಕ್ಕೆ ಚಾಚಿರುತ್ತವೆ, ಮುಟ್ಟಿದರೆ ಉದುರುತ್ತವೆ.

ಹಾರುವ ಹುಳ ಮರ ತಿನ್ನಲು ಬಂದದ್ದಲ್ಲ, ಜೋಡಿ ಹುಡುಕಲು ಬಂದದ್ದು. ಹೆಚ್ಚಿನವು ಆ ರಾತ್ರಿಯೇ ಸಾಯುತ್ತವೆ. ಮರ ತಿನ್ನುವುದು ಗೂಡಿನಲ್ಲೇ ಉಳಿದ ಬಿಳಿ ಹುಳ. ಹಾಗಾಗಿ ಎಷ್ಟು ಬಂತು ಅನ್ನುವುದಕ್ಕಿಂತ ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ಬಯಲಿನ ಹುತ್ತದಿಂದ ದೀಪಕ್ಕೆ ಬಂದಿದ್ದರೆ ಚಿಂತೆ ಇಲ್ಲ. ಬಾಗಿಲು ಕಿಟಕಿ ಹಾಕಿಯೇ ಇದ್ದ ಕೋಣೆಯಲ್ಲಿ, ಕಿಟಕಿಯ ಒಳಬದಿಗೆ ರೆಕ್ಕೆ ರಾಶಿ ಬಿದ್ದಿದ್ದರೆ ಗೂಡು ಮನೆಯೊಳಗೇ ಇದೆ. ಅದೂ ಹೊಸದಲ್ಲ. ರೆಕ್ಕೆ ಹುಳ ಹೊರಡಿಸುವಷ್ಟು ಬೆಳೆಯಲು ಗೂಡಿಗೆ ಕೆಲವು ವರ್ಷವೇ ಬೇಕು.

ನಮ್ಮ ಮೆತ್ತಿಯಲ್ಲಿ, ಅಂದರೆ ಮಹಡಿಯಲ್ಲಿ, ಹಾಗೇ ಆಗಿತ್ತು. ಮಾವನವರ ಅಡಿಕೆ ಲೆಕ್ಕದ ಪುಸ್ತಕಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು, ರಟ್ಟು ಗಟ್ಟಿ. ಒಂದನ್ನು ಎಳೆದೆ. ರಟ್ಟು ಕೈಗೆ ಬಂತು, ಒಳಗಿನ ಹಾಳೆ ಪೂರ್ತಿ ಮಣ್ಣು. ಆಮೇಲೆ ಕೆಳಗಿನ ಬಾಗಿಲ ಚೌಕಟ್ಟು, ಅದೇ ದಾರಂದ, ಒತ್ತಿ ನೋಡಿದರೆ ಬಣ್ಣ ಹಾಗೇ ಇದೆ, ಹೆಬ್ಬೆರಳು ಒಳಗೆ ಹೋಯಿತು. ಆ ಪುಸ್ತಕಗಳ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಮಳೆಗಾಲದ ಮುಂಚೆ ದಾರಂದ, ಮಾಡಿನ ಪಕಾಸು, ಕಪಾಟಿನ ಬೆನ್ನು ಎಲ್ಲ ತಟ್ಟಿ ನೋಡಿ. ಟೊಳ್ಳು ಸದ್ದು ತಿಳಿಯುತ್ತದೆ. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಒಂದು ಗೇಣು ಒಡೆದಿಡಿ. ಎರಡು ದಿನದಲ್ಲಿ ಮತ್ತೆ ಮುಚ್ಚಿಕೊಂಡರೆ ಒಳಗೆ ಜೀವ ಇದೆ ಅಂತ ಅರ್ಥ. ಸುಮ್ನೆ ಗೆರೆ ಒರೆಸಿ ಸೀಮೆಎಣ್ಣೆ ಹಚ್ಚಿದರೆ ಅವು ಬೇರೆ ದಾರಿ ಹಿಡಿಯುತ್ತವೆ, ಅಷ್ಟೇ.

ಒರಲೆಗೆ ಪಸೆ ಬೇಕು. ಬಚ್ಚಲ ನಲ್ಲಿ ಸೋರುತ್ತಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಕಟ್ಟಿಗೆ, ಅಡಿಕೆ ದಬ್ಬೆ, ಸೋಗೆ ಗೋಡೆಗೆ ತಾಗಿಸಿ ಒಟ್ಟಬೇಡಿ. ಕಲ್ಲಿನ ಮೇಲೆ ಎತ್ತರಿಸಿ, ದೂರ ಇಡಿ. ಕಪಾಟಿಗೂ ಗೋಡೆಗೂ ನಡುವೆ ಕೈ ಹೋಗುವಷ್ಟು ಜಾಗ ಇರಲಿ. ಸಾಗವಾನಿ ಆದರೂ ಒಳಗಿನ ಗಟ್ಟಿ ಚೇಗು ಮಾತ್ರ ತಾಳುತ್ತದೆ, ಹೊರಗಿನ ಬಿಳಿ ಭಾಗವನ್ನು ಒರಲೆ ತಿಂದೇ ತಿನ್ನುತ್ತದೆ. ಕರಾವಳಿಯವರು ಮರಕ್ಕೆ ಗೇರುಸಿಪ್ಪೆ ಎಣ್ಣೆ ಬಳಿಯುತ್ತಾರೆ, ಒಳ್ಳೆಯದೇ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ.

ಗೂಡು ಒಳಗಿದ್ದರೆ ತಿಳಿದವರನ್ನು ಕರೆಸಲೇಬೇಕು. ಗೋಡೆ ಬುಡದಲ್ಲಿ ಸುಮಾರು ಅಡಿಗೊಂದು ತೂತು ಕೊರೆದು ಔಷಧ ತುಂಬುತ್ತಾರೆ. ಹೊಸ ಮನೆಗಾದರೆ ಅಡಿಪಾಯ ಹಾಕುವಾಗಲೇ ಮಣ್ಣಿಗೆ ಹಾಕಿಸುವುದು ಜಾಣತನ. ಬಾವಿ ಎಲ್ಲಿದೆ ಅಂತ ಅವರಿಗೆ ಮೊದಲೇ ತೋರಿಸಿ. ನಮ್ಮ ಬಾವಿ ಅಡುಗೆಮನೆ ಗೋಡೆಯಿಂದ ಹತ್ತೇ ಹೆಜ್ಜೆ. ಆ ಬದಿಗೆ ನಾನು ಔಷಧ ಹಾಕಿಸಲಿಲ್ಲ. ವಾರಕ್ಕೊಮ್ಮೆ ಬ್ಯಾಟರಿ ಹಿಡಿದು ಆ ಗೋಡೆ ಬುಡವನ್ನು ನಾನೇ ಕೂತು ನೋಡುತ್ತೇನೆ.