ಸಾರ್ವಜನಿಕ ಆರೋಗ್ಯದ ಸಂಶೋಧನೆಯನ್ನು ಮುಕ್ತ ಪ್ರವೇಶದ ಜರ್ನಲ್‌ನಲ್ಲಿ ಪ್ರಕಟಿಸುವ ಬಗೆ

ಸಾರ್ವಜನಿಕ ಆರೋಗ್ಯದ ಸಂಶೋಧನಾ ಲೇಖನ ಯಾರ ಕೈಗೆ ತಲುಪಬೇಕೋ ಅವರಲ್ಲಿ ಅನೇಕರಿಗೆ ಜರ್ನಲ್‌ಗಳ ಚಂದಾ ಇರುವುದಿಲ್ಲ. ಲಸಿಕೆ ಕಾರ್ಯಕ್ರಮ ನಡೆಸುವ ಅಧಿಕಾರಿ, ಕುಡಿಯುವ ನೀರಿನ ಗುಣಮಟ್ಟ ನೋಡಿಕೊಳ್ಳುವ ಎಂಜಿನಿಯರ್, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡುವ ದಾದಿ, ಇಂಥವರು ಹಣ ಕೇಳುವ ಪುಟದವರೆಗೆ ಬಂದು ಹಿಂದಿರುಗುತ್ತಾರೆ. ಲೇಖನವನ್ನು ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ಪ್ರತಿ ಮಾಡಿ ಹಂಚಬಹುದು, ಆದರೆ ಲೇಖಕರಿಗೆ ಸಲ್ಲಬೇಕಾದ ಮನ್ನಣೆಯನ್ನು ತಪ್ಪಿಸಬಾರದು ಎಂಬ ಮುಕ್ತ ಪ್ರವೇಶದ ತತ್ವವನ್ನು 2002ರ ಬುಡಾಪೆಸ್ಟ್ ಘೋಷಣೆ ಮುಂದಿಟ್ಟಿತು. ಆ ತತ್ವದಂತೆ ಪ್ರಕಟಿಸಬೇಕೆಂದಿರುವವರು ಮೊದಲು ತಿಳಿಯಬೇಕಾದದ್ದು ಇಷ್ಟು: ಪ್ರಕಟಣೆಯ ಕೆಲಸ ಲೇಖನ ಬರೆದು ಮುಗಿಸಿದ ಮೇಲೆ ಆರಂಭವಾಗುವುದಿಲ್ಲ, ಅಧ್ಯಯನದ ಯೋಜನೆಯನ್ನು ಕಾಗದಕ್ಕಿಳಿಸುವ ದಿನವೇ ಆರಂಭವಾಗುತ್ತದೆ.

ಏಕೆಂದರೆ ಕೆಲವು ಲೋಪಗಳನ್ನು ಆಮೇಲೆ ಸರಿಪಡಿಸಲಾಗದು. ನೈತಿಕ ಸಮಿತಿಯ ಅನುಮೋದನೆಯನ್ನು ದತ್ತಾಂಶ ಸಂಗ್ರಹಕ್ಕೆ ಮೊದಲೇ ಪಡೆದಿರಬೇಕು. ಕ್ಲಿನಿಕಲ್ ಪ್ರಯೋಗವಾದರೆ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಅದನ್ನು ಸಾರ್ವಜನಿಕವಾಗಿ ನೋಂದಾಯಿಸಿರಬೇಕೆಂದು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ, 2005ರಿಂದಲೂ ಒತ್ತಾಯಿಸುತ್ತಿದೆ. ದತ್ತಾಂಶವನ್ನು ಮುಂದೆ ಹಂಚಿಕೊಳ್ಳುವ ಉದ್ದೇಶವಿದ್ದರೆ ಆ ಮಾತು ಒಪ್ಪಿಗೆ ಪತ್ರದಲ್ಲಿಯೇ ಇರಬೇಕು. ಸಮೀಕ್ಷೆ ಮುಗಿಸಿ ಬಂದ ನಂತರ ಸಾವಿರಾರು ಮನೆಗಳಿಗೆ ಮತ್ತೆ ಹೋಗಿ ಕೇಳುವುದು ಆಗದ ಕೆಲಸ.

ಲೇಖಕರ ಹೆಸರುಗಳನ್ನೂ ಈ ಹಂತದಲ್ಲಿಯೇ ಮಾತಾಡಿ ಬರೆದಿಡುವುದು ಒಳ್ಳೆಯದು. ಅಧ್ಯಯನದ ವಿನ್ಯಾಸದಲ್ಲಿ ಅಥವಾ ದತ್ತಾಂಶದ ಸಂಗ್ರಹ, ವಿಶ್ಲೇಷಣೆಗಳಲ್ಲಿ ಗಣನೀಯ ಪಾಲು, ಕರಡು ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ರೂಪಕ್ಕೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆಗಾರಿಕೆ, ಈ ನಾಲ್ಕೂ ಇರುವವರೇ ಲೇಖಕರೆಂದು ಐಸಿಎಂಜೆಇ ಹೇಳುತ್ತದೆ. ವಿಭಾಗದ ಮುಖ್ಯಸ್ಥರೆಂಬ ಒಂದೇ ಕಾರಣಕ್ಕೆ ಹೆಸರು ಸೇರಿಸುವುದು ತಪ್ಪು. ಮನೆಮನೆಗೆ ನಡೆದು ದತ್ತಾಂಶ ತಂದವರಿಗೆ ಕರಡನ್ನು ತೋರಿಸದೆ, ಕರಡು ತಿದ್ದಲಿಲ್ಲವೆಂಬ ನೆಪದಲ್ಲಿ ಅವರ ಹೆಸರನ್ನು ಕೈಬಿಡುವುದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡ ತಪ್ಪು.

ಜರ್ನಲ್‌ನ ಆಯ್ಕೆಗೆ ಸಾಕಷ್ಟು ಸಮಯ ಕೊಡಬೇಕು. ನಿಮ್ಮ ಲೇಖನದಲ್ಲಿ ಉಲ್ಲೇಖಿಸಿರುವ ಬರಹಗಳು ಎಲ್ಲಿ ಪ್ರಕಟವಾಗಿವೆ ಎಂದು ನೋಡಿದರೆ ನಾಲ್ಕೈದು ಹೆಸರುಗಳು ತಾವಾಗಿಯೇ ಎದುರಾಗುತ್ತವೆ. ಅವುಗಳ ಇತ್ತೀಚಿನ ಸಂಚಿಕೆಗಳಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ಕೆಲವು ಲೇಖನಗಳನ್ನು ಪೂರ್ತಿ ಓದಿ. ಬಳಿಕ, 2003ರಲ್ಲಿ ಆರಂಭವಾದ ಮುಕ್ತ ಪ್ರವೇಶ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಯಲ್ಲಿ ಆ ಜರ್ನಲ್ ಇದೆಯೇ ಎಂದು ಪರೀಕ್ಷಿಸಿ. ಹಣ ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಮೋಸದ ಜರ್ನಲ್‌ಗಳು ಬಹಳವಿರುವುದರಿಂದ ಈ ಎಚ್ಚರ ಅಗತ್ಯ. ನಿಯತಕಾಲಿಕಗಳನ್ನು ಗುರುತಿಸಲು ಕೊಡುವ ಐಎಸ್‌ಎಸ್‌ಎನ್ ಸಂಖ್ಯೆಯಾಗಲಿ, ಗೂಗಲ್ ಸ್ಕಾಲರ್‌ನಲ್ಲಿ ಸಿಗುತ್ತದೆ ಎಂಬ ಮಾತಾಗಲಿ ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಕೆಲವೇ ದಿನಗಳಲ್ಲಿ ಒಪ್ಪಿಗೆಯ ಭರವಸೆ, ಹೊಗಳಿಕೆ ತುಂಬಿದ ಆಹ್ವಾನದ ಇಮೇಲ್, ಎಲ್ಲಿಯೂ ಸ್ಪಷ್ಟವಾಗಿ ನಮೂದಿಸದ ಶುಲ್ಕ, ಇವು ಕಂಡರೆ ದೂರವಿರಿ. ಸಂಶಯವಿದ್ದಲ್ಲಿ ಸಂಪಾದಕ ಮಂಡಳಿಯ ಸದಸ್ಯರೊಬ್ಬರಿಗೆ ನೇರವಾಗಿ ಬರೆದು ಕೇಳಬಹುದು, ಏಕೆಂದರೆ ಅವರಿಗೆ ತಿಳಿಯದೆಯೇ ಅವರ ಹೆಸರನ್ನು ಹಾಕಿಕೊಳ್ಳುವ ಜರ್ನಲ್‌ಗಳೂ ಇವೆ.

ಮುಕ್ತ ಪ್ರವೇಶದ ಅನೇಕ ಜರ್ನಲ್‌ಗಳು ಓದುಗರ ಬದಲು ಲೇಖಕರಿಂದ ಶುಲ್ಕ ಪಡೆಯುತ್ತವೆ, ಆದರೆ ಹಣವಿಲ್ಲದವರಿಗೂ ದಾರಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಂತೆ ಲೇಖಕರಿಂದ ಶುಲ್ಕ ಪಡೆಯದ ಜರ್ನಲ್‌ಗಳಿವೆ. ಶುಲ್ಕ ಪಡೆಯುವ ಅನೇಕ ಪ್ರಕಾಶಕರು ಕಡಿಮೆ ಆದಾಯದ ದೇಶಗಳ ಲೇಖಕರಿಗೆ ವಿನಾಯಿತಿ ನೀಡುತ್ತಾರೆ. ಆದರೆ ಅದನ್ನು ಹಸ್ತಪ್ರತಿ ಸಲ್ಲಿಸುವಾಗಲೇ ಕೇಳಿಕೊಳ್ಳಬೇಕು, ಒಪ್ಪಿಗೆಯಾದ ಮೇಲೆ ಕೇಳಿದರೆ ನಿರಾಕರಿಸುವವರಿದ್ದಾರೆ. ಚಂದಾ ಜರ್ನಲ್‌ನಲ್ಲಿ ಪ್ರಕಟಿಸಿ, ಒಪ್ಪಿಗೆಯಾದ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ಮುಕ್ತ ಭಂಡಾರದಲ್ಲಿ ಇರಿಸುವುದು ಇನ್ನೊಂದು ದಾರಿ. ಕೆಲವು ಜರ್ನಲ್‌ಗಳು ಇದಕ್ಕೆ ತಿಂಗಳುಗಟ್ಟಲೆ ಕಾಯುವ ಷರತ್ತು ಹಾಕುವುದರಿಂದ ಒಪ್ಪಂದವನ್ನು ಓದಿಯೇ ಸಹಿ ಮಾಡಬೇಕು.

ಲೇಖನವನ್ನು ಇತರರು ಹೇಗೆ ಬಳಸಬಹುದೆಂದು ಹೇಳುವ ಪರವಾನಗಿಯ ವಿಷಯವನ್ನು ಬಹಳ ಮಂದಿ ಕಣ್ಣೆತ್ತಿಯೂ ನೋಡುವುದಿಲ್ಲ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಪರವಾನಗಿಯಿದ್ದರೆ, ಮನ್ನಣೆ ನೀಡಿ ಲೇಖನವನ್ನು ಅನುವಾದಿಸಬಹುದು, ಅದರ ನಕ್ಷೆಯನ್ನು ತರಬೇತಿ ಕೈಪಿಡಿಗೆ ಹೊಂದಿಸಿಕೊಳ್ಳಬಹುದು. ಮಾರ್ಪಡಿಸಿದ ರೂಪವನ್ನು ಹಂಚಬಾರದೆಂದು ಸೂಚಿಸುವ ಎನ್‌ಡಿ ಎಂಬ ಅಕ್ಷರಗಳು ಜೊತೆಗೆ ಸೇರಿದರೆ ಅನುವಾದವನ್ನು ಹಂಚುವುದಕ್ಕೂ ಹಕ್ಕುದಾರರ ಅನುಮತಿ ಬೇಕಾಗುತ್ತದೆ. ಆರೋಗ್ಯದ ತಿಳಿವಳಿಕೆ ಜನರ ನುಡಿಗೆ ಇಳಿಯಬೇಕೆಂದು ಬಯಸುವವರು ಸಿಸಿ ಬಿವೈ ಆಯ್ದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬರೆಯುವಾಗ, ಲೇಖನದಲ್ಲಿ ಏನೇನು ಇರಬೇಕೆಂದು ಪಟ್ಟಿ ಮಾಡುವ ವರದಿ ಮಾರ್ಗಸೂಚಿಗಳಲ್ಲಿ ನಿಮ್ಮ ಅಧ್ಯಯನದ ಬಗೆಗೆ ತಕ್ಕದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅವಲೋಕನ ಅಧ್ಯಯನಕ್ಕೆ 22 ಅಂಶಗಳ ಸ್ಟ್ರೋಬ್, ವ್ಯವಸ್ಥಿತ ವಿಮರ್ಶೆಗೆ 27 ಅಂಶಗಳ ಪ್ರಿಸ್ಮಾ, ಯಾದೃಚ್ಛಿಕ ಪ್ರಯೋಗಕ್ಕೆ ಕಾನ್ಸಾರ್ಟ್ ಇವೆ. ಇವೆಲ್ಲ, ಇಂಥ ಮಾರ್ಗಸೂಚಿಗಳನ್ನು ಒಂದೆಡೆ ಸೇರಿಸಿಡುವ ಈಕ್ವೇಟರ್ ಜಾಲದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎಷ್ಟು ಮಂದಿಯನ್ನು ಕೇಳಲಾಯಿತು, ಎಷ್ಟು ಮಂದಿ ಒಪ್ಪಿದರು, ಯಾರು ಬಿಟ್ಟುಹೋದರು ಎಂಬುದನ್ನು ಮರೆಮಾಚದೆ ಬರೆಯಿರಿ. ನಿಜವಾದ ಪರಿಣಾಮವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವವನ್ನು ಹೇಳುವ ಪಿ ಮೌಲ್ಯವನ್ನಷ್ಟೇ ಕೊಡದೆ, ಪರಿಣಾಮದ ಗಾತ್ರವನ್ನೂ ಆ ಅಂದಾಜು ಎಷ್ಟು ನಿಖರವೆಂದು ತೋರಿಸುವ ವ್ಯಾಪ್ತಿಯಾದ ವಿಶ್ವಾಸಾಂತರವನ್ನೂ ಕೊಡಿ. ಒಂದೇ ಬಾರಿ ನಡೆಸಿದ ಸಮೀಕ್ಷೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಉಂಟಾಯಿತೆಂದು ಬರೆಯಬಾರದು, ಏಕೆಂದರೆ ಆ ಒಂದು ವಾಕ್ಯದ ಮೇಲೆಯೇ ಮುಂದೆ ಯಾರೋ ಒಂದು ಕಾರ್ಯಕ್ರಮ ರೂಪಿಸಬಹುದು. ದತ್ತಾಂಶ ಹಂಚುವಾಗ ಹೆಸರು ಅಳಿಸಿದರಷ್ಟೇ ಸಾಲದು. ಚಿಕ್ಕ ಊರು, ವಯಸ್ಸು, ಉದ್ಯೋಗ ಮತ್ತು ಅಪರೂಪದ ಕಾಯಿಲೆ ಒಂದೇ ಸಾಲಿನಲ್ಲಿ ಸೇರಿದರೆ ವ್ಯಕ್ತಿಯ ಗುರುತು ಹತ್ತುತ್ತದೆ.

ಹಸ್ತಪ್ರತಿಯನ್ನು ಒಂದು ಸಮಯಕ್ಕೆ ಒಂದೇ ಜರ್ನಲ್‌ಗೆ ಸಲ್ಲಿಸಬೇಕು. 2019ರಲ್ಲಿ ಆರಂಭವಾದ ಮೆಡ್‌ಆರ್ಕೈವ್‌ನಂಥ ತಾಣದಲ್ಲಿ ಪ್ರೀಪ್ರಿಂಟ್, ಅಂದರೆ ತಜ್ಞರ ವಿಮರ್ಶೆಗೆ ಮುಂಚಿನ ಪ್ರತಿ, ಹಾಕುವುದನ್ನು ಅನೇಕ ಜರ್ನಲ್‌ಗಳು ಒಪ್ಪುತ್ತವೆ, ಆದರೂ ಆಯಾ ಜರ್ನಲ್‌ನ ನಿಯಮವನ್ನು ಮೊದಲು ನೋಡಿ. ಕವರ್ ಲೆಟರ್ ಅರ್ಧ ಪುಟ ಸಾಕು: ಏನನ್ನು ಕಂಡುಕೊಂಡಿರಿ, ಅದು ಆ ಜರ್ನಲ್‌ನ ಓದುಗರಿಗೆ ಏಕೆ ಬೇಕು ಎಂಬುದಷ್ಟೇ ಅದರಲ್ಲಿರಲಿ.

ಹಸ್ತಪ್ರತಿಯನ್ನು ಪರಿಶೀಲಿಸಲು ಸಂಪಾದಕರು ಕೇಳಿಕೊಂಡ ತಜ್ಞರ, ಅಂದರೆ ವಿಮರ್ಶಕರ, ಟಿಪ್ಪಣಿಗಳು ಬಂದ ದಿನವೇ ಉತ್ತರ ಬರೆಯಲು ಕೂರಬೇಡಿ, ಎರಡು ದಿನ ಬಿಡಿ. ಬಳಿಕ ಪ್ರತಿ ಟಿಪ್ಪಣಿಯನ್ನೂ ಹಾಗೆಯೇ ಬರೆದು, ಅದರ ಕೆಳಗೆ ನಿಮ್ಮ ಉತ್ತರವನ್ನೂ ಹಸ್ತಪ್ರತಿಯ ಯಾವ ಸಾಲಿನಲ್ಲಿ ತಿದ್ದಲಾಗಿದೆ ಎಂಬುದನ್ನೂ ಕೊಡಿ. ವಿಮರ್ಶಕರು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಆ ಭಾಗವನ್ನು ನೀವು ಸ್ಪಷ್ಟವಾಗಿ ಬರೆದಿಲ್ಲವೆಂದೇ ಭಾವಿಸಿ ತಿದ್ದಿ. ಒಪ್ಪಲಾಗದ ಸಲಹೆಯನ್ನು ಕಾರಣ ಸಹಿತವಾಗಿ, ಸೌಜನ್ಯದಿಂದ ನಿರಾಕರಿಸಬಹುದು; ಸಂಪಾದಕರು ಅದನ್ನು ಗೌರವಿಸುತ್ತಾರೆ. ಲೇಖನ ತಿರಸ್ಕೃತವಾದರೆ, ಬಂದ ಟಿಪ್ಪಣಿಗಳಂತೆ ತಿದ್ದಿಕೊಂಡೇ ಮುಂದಿನ ಜರ್ನಲ್‌ಗೆ ಕಳುಹಿಸಿ, ಏಕೆಂದರೆ ಅದೇ ವಿಮರ್ಶಕರ ಬಳಿಗೆ ಅದು ಮತ್ತೆ ಹೋಗುವುದುಂಟು.

ಒಪ್ಪಿಗೆಯಾದ ಬಳಿಕ ಬರುವ ಪ್ರೂಫ್‌ನಲ್ಲಿ, ಅಂದರೆ ಪ್ರಕಟಣೆಗೆ ಮುನ್ನ ತಿದ್ದಲು ಕಳುಹಿಸುವ ಪ್ರತಿಯಲ್ಲಿ, ಕೋಷ್ಟಕಗಳ ದಶಮಾಂಶಗಳನ್ನೂ ಪರವಾನಗಿಯ ಸಾಲನ್ನೂ ಒಂದೊಂದಾಗಿ ಪರೀಕ್ಷಿಸಿ. ಪ್ರಕಟವಾದ ವಾರದಲ್ಲಿಯೇ ಅಂತಿಮ ಪ್ರತಿಯನ್ನು ಭಂಡಾರಕ್ಕೆ ಸೇರಿಸಿ, ದತ್ತಾಂಶ ತಂದುಕೊಟ್ಟ ಆರೋಗ್ಯ ಕೇಂದ್ರಗಳಿಗೆ ಲೇಖನದ ಕೊಂಡಿಯ ಜೊತೆಗೆ ಅಲ್ಲಿನವರ ನುಡಿಯಲ್ಲಿ ಬರೆದ ಒಂದು ಪುಟದ ಸಾರಾಂಶವನ್ನೂ ಕಳುಹಿಸಿ.