ಮೂಗಿಗಿಂತ ಮೂಗುತಿ ಭಾರ: ಸಣ್ಣ ಚೀಲ, ಮಂದ ದೀಪದ ನನ್ನ ಅನುಭವ

ಎರಡು ರಾತ್ರಿಗಳ ಚಾರಣಕ್ಕೆ 28 ಲೀಟರಿನ ಚೀಲವೊಂದನ್ನೇ ಬೆನ್ನಿಗೇರಿಸಿಕೊಂಡು ಬಂದಾಗ ಜೊತೆಗಾರರೊಬ್ಬರು, ‘ನಿಮ್ಮ ಉಳಿದ ಸಾಮಾನನ್ನು ಯಾರು ಹೊರುತ್ತಾರೆ?’ ಎಂದು ಕೇಳಿದರು. ಅವರ ಬೆನ್ನಿನ ಮೇಲೆ 55 ಲೀಟರಿನ ಚೀಲವಿತ್ತು. ಮೂರನೆಯ ದಿನ ಇಳಿಯುವಾಗ ಅವರ ನೀರಿನ ಬಾಟಲಿಗಳನ್ನೂ ನಾನೇ ಹೊತ್ತೆನೆಂಬುದನ್ನು ಇಲ್ಲಿ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಈ ಚೀಲಕ್ಕೆ ಬರುವ ಮೊದಲು ಮೂರು ಚೀಲಗಳಿಗೆ ದಂಡ ತೆತ್ತಿದ್ದೇನೆ. ಮೊದಲನೆಯದು 60 ಲೀಟರಿನದು; ಬರಿದಾಗಿದ್ದಾಗಲೇ ಎರಡು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಹಗಲಿನ ಚಾರಣದಲ್ಲಿ ಒಳಗಿನ ಸಾಮಾನಿಗಿಂತ ಚೀಲವೇ ಭಾರ, ಮೂಗಿಗಿಂತ ಮೂಗುತಿ ಭಾರವೆಂಬಂತೆ. ಸಾಲದ್ದಕ್ಕೆ, ಜಾಗವಿದೆಯೆಂಬ ಒಂದೇ ಕಾರಣಕ್ಕೆ ಎರಡನೆಯ ಸ್ವೆಟರು, ಮೂರನೆಯ ಜೊತೆ ಕಾಲುಚೀಲ ಎಲ್ಲವೂ ಒಳಸೇರುತ್ತಿದ್ದವು. ಎರಡನೆಯದು ಹಗುರವೇನೋ ಹೌದು, ಆದರೆ ಬೆನ್ನಿನ ಅಳತೆ ನೋಡದೆ ಕೊಂಡಿದ್ದೆ. ಕತ್ತಿನ ಬುಡದಲ್ಲಿ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ನನ್ನದು ಸುಮಾರು 46 ಸೆಂಟಿಮೀಟರ್. ಆ ಚೀಲವೋ 52ರ ಆಸುಪಾಸಿನವರಿಗಾಗಿ ಹೊಲಿದದ್ದು. ಸೊಂಟಪಟ್ಟಿ ಸೊಂಟ ಬಿಟ್ಟು ಕೆಳಗೆ ಜಾರುತ್ತಿತ್ತು, ಭಾರವೆಲ್ಲ ಹೆಗಲಿಗೇ ಬೀಳುತ್ತಿತ್ತು. ಮೂರನೆಯದನ್ನು ಅಗ್ಗವೆಂದು ಕೊಂಡೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ತಡೆಯಲು ಒಳಗೆ ಬಳಿದಿದ್ದ ಪಾಲಿಯುರಿಥೇನ್ ಲೇಪ ಅಂಟಂಟಾಗಿ ಸಿಪ್ಪೆಯೇಳತೊಡಗಿತು. ಮೂರನ್ನೂ ಮಾರಿದಾಗ ಕೊಂಡ ಹಣದ ಮೂರನೇ ಒಂದು ಪಾಲು ಕೂಡ ಮರಳಲಿಲ್ಲ.

ಕೊನೆಗೆ ಕೈಹಿಡಿದದ್ದು ಒಂದು ರಟ್ಟಿನ ಪೆಟ್ಟಿಗೆ. ಉದ್ದ, ಅಗಲ ತಲಾ 30 ಸೆಂಟಿಮೀಟರ್, ಎತ್ತರ 31 ಇರುವಂತೆ ಕತ್ತರಿಸಿದರೆ ಹೆಚ್ಚುಕಡಿಮೆ 28 ಲೀಟರ್ ಆಗುತ್ತದೆ. ಚೀಲ ಕೊಳ್ಳುವ ಮೊದಲು ಇಡೀ ಸಾಮಾನನ್ನು ಅದರೊಳಗೆ ಒತ್ತಿ ತುಂಬಿ ನೋಡಿದೆ. ಮೊದಲ ಸಲ ಅರ್ಧದಷ್ಟು ಹೊರಗೇ ಉಳಿಯಿತು. ಹೊರಗುಳಿದದ್ದರ ಪಟ್ಟಿ ಮಾಡಿ, ಕಳೆದ ಐದು ಚಾರಣಗಳಲ್ಲಿ ಒಮ್ಮೆಯೂ ಮುಟ್ಟದಿದ್ದವನ್ನು ಮನೆಯಲ್ಲೇ ಬಿಟ್ಟೆ. ನಾಲ್ಕನೆಯ ಪ್ರಯತ್ನಕ್ಕೆ ಮುಚ್ಚಳ ಮುಚ್ಚಿತು. ಸ್ಲೀಪಿಂಗ್ ಬ್ಯಾಗನ್ನು ಅಷ್ಟು ಸಣ್ಣ ಜಾಗಕ್ಕೆ ಇಳಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಕೆಲವು ತಯಾರಕರು ಹೊರಜೇಬುಗಳನ್ನೂ ಸೇರಿಸಿ ಲೀಟರ್ ಲೆಕ್ಕ ಕೊಡುತ್ತಾರೆ, ಪೆಟ್ಟಿಗೆಯ ಲೆಕ್ಕವನ್ನು ಮುಖ್ಯ ಚೀಲದೊಂದಿಗೇ ಹೋಲಿಸಬೇಕು. ಊಟ, ನೀರು ಸೇರಿ ನನ್ನ ಹೊರೆ ಈಗ ಎಂಟು ಕಿಲೋ ದಾಟುವುದಿಲ್ಲವಾದ್ದರಿಂದ ಚೀಲಕ್ಕೆ ಲೋಹದ ಚೌಕಟ್ಟಿನ ಅಗತ್ಯವೂ ಉಳಿದಿಲ್ಲ.

ಈ ನಡುವೆ ಮಳೆಹೊದಿಕೆಯನ್ನೂ ಪರೀಕ್ಷಿಸಿದೆ. ಚೀಲದೊಳಗೆ ಸುತ್ತಲೂ ಹಳೆಯ ಪತ್ರಿಕೆಗಳನ್ನಿಟ್ಟು, ಹೊದಿಕೆ ಹಾಕಿ, ಬಚ್ಚಲಿನ ಷವರಿನಡಿ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಬೆನ್ನಿಗೆ ತಾಗುವ ಬದಿಯನ್ನು ಹೊದಿಕೆ ಮುಚ್ಚುವುದೇ ಇಲ್ಲ. ಆ ಬದಿಯ ಪತ್ರಿಕೆ ತೊಪ್ಪೆಯಾಗಿತ್ತು. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಬಾಯಿ ತಿರುಚಿ ಕಟ್ಟಿದಾಗ ಎಲ್ಲವೂ ಒಣಗಿಯೇ ಇತ್ತು. ಹೊದಿಕೆಗೆ ಕೊಟ್ಟ ದುಡ್ಡೂ ನೀರಿಗೆ ಹೋಯಿತು.

ದೀಪದ ವಿಷಯದಲ್ಲಿ ನಾನು ಮೋಸಹೋದದ್ದು ಅಂಕಿಗಳಿಗೆ. ಹಣೆಗೆ ಕಟ್ಟುವ, 400 ಲ್ಯೂಮೆನ್ (ದೀಪ ಹೊಮ್ಮಿಸುವ ಬೆಳಕಿನ ಅಳತೆ) ಎಂದು ಬರೆದಿದ್ದ ಹೆಡ್‌ಲ್ಯಾಂಪನ್ನು ದುಬಾರಿ ಬೆಲೆಗೆ ಕೊಂಡೆ. ಎಫ್‌ಎಲ್‌1 ಎಂಬ, ಇಂಥ ದೀಪಗಳನ್ನು ಅಳೆಯುವ ಮಾನದಂಡದಲ್ಲಿ ದೀಪ ಉರಿಯುವ ಅವಧಿಯನ್ನು ಆರಂಭದ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ ಎಣಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ಗೋಡೆಗೆ ಬೆಳಕು ಬಿಟ್ಟು, ಕ್ಯಾಮೆರಾದ ಹೊಂದಿಕೆ ಬದಲಿಸದೆ ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದಾಗ, ಅರ್ಧ ಗಂಟೆಯೊಳಗೆ ಬೆಳಕು ಅರ್ಧಕ್ಕಿಂತ ಕೆಳಗಿಳಿದಿತ್ತು. ಅದಕ್ಕಿಂತ ದೊಡ್ಡ ಪಾಠವಾದದ್ದು ಮಂಜಿನಲ್ಲಿ. ಹಣೆಯ ದೀಪದ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಮರಳಿ, ಮುಂದೆ ಬಿಳಿ ಗೋಡೆ ಎದ್ದಂತಾಗಿ, ತಿರುವು ತಪ್ಪಿ ಅರ್ಧ ಗಂಟೆ ಅಲೆದೆ. ಅಂದು ಸೋತು ದೀಪದ ಪಟ್ಟಿಯನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಬೆಳಕನ್ನು ತಗ್ಗಿಸಿದಾಗ ದಾರಿ ತಾನೇ ಕಾಣಿಸಿತು. ಬೆಳಕು ಕೆಳಗಿನಿಂದ ಓರೆಯಾಗಿ ಬೀಳುವಾಗ ಒಂದೊಂದು ಕಲ್ಲಿಗೂ ನೆರಳು ಮೂಡುತ್ತದೆ; ಹಣೆಯಲ್ಲಿದ್ದರೆ ನೆರಳು ಕಲ್ಲಿನ ಹಿಂದೆಯೇ ಅಡಗಿ ನೆಲ ಚಪ್ಪಟೆಯಾಗಿ ತೋರುತ್ತದೆ. ಈಗ ಸವೆದ ದಾರಿಯಲ್ಲಿ ಮೂವತ್ತು ಲ್ಯೂಮೆನ್ ನನಗೆ ಧಾರಾಳ.

ನನ್ನ ಈಗಿನ ದೀಪ ಮೂರು ಎಎಎ ಸೆಲ್‌ಗಳದು, ಸೆಲ್ ಸೇರಿ ಸುಮಾರು 85 ಗ್ರಾಂ. ಚಳಿಯಲ್ಲಿ ಆಲ್ಕಲೈನ್ ಸೆಲ್‌ಗಳು ಸೊರಗುತ್ತವೆ. ಫ್ರೀಜರಿನಲ್ಲಿಟ್ಟು ನೋಡಿ ಖಚಿತಪಡಿಸಿಕೊಂಡೆ. ಲಿಥಿಯಂ ಸೆಲ್‌ಗಳು ಹಲವು ಪಟ್ಟು ದುಬಾರಿಯಾದರೂ ಹಗುರ, ಚಳಿಗೂ ಜಗ್ಗುವುದಿಲ್ಲ. ಕೆಲವು ದೀಪಗಳು ಅವುಗಳ ವೋಲ್ಟೇಜನ್ನು ತಾಳಲಾರವು, ಕೈಪಿಡಿ ಓದಿಯೇ ಹಾಕಬೇಕು. ಕೊನೆಯವರೆಗೂ ಒಂದೇ ಸಮ ಉರಿದು ಮುನ್ಸೂಚನೆಯಿಲ್ಲದೆ ಆರುವುದು ಅವುಗಳ ಕೆಟ್ಟ ಗುಣ. ಆದ್ದರಿಂದ 30 ಗ್ರಾಮಿನ ಇನ್ನೊಂದು ಪುಟ್ಟ ದೀಪ ನನ್ನ ಜೇಬಿನಲ್ಲಿರುತ್ತದೆ. ಹಗಲಿನ ಚಾರಣಕ್ಕೂ ಅದನ್ನು ಬಿಟ್ಟು ಹೋಗುವುದಿಲ್ಲ. ದೊಡ್ಡ ದೀಪ ಒಮ್ಮೆ ಚೀಲದೊಳಗೆ ತಾನಾಗಿ ಹೊತ್ತಿಕೊಂಡು ಸಂಜೆಯ ಹೊತ್ತಿಗೆ ಖಾಲಿಯಾಗಿತ್ತು. ಅಂದಿನಿಂದ ಅದರ ಒಂದು ಸೆಲ್ಲನ್ನು ತಿರುಗಿಸಿ ಹಾಕಿಯೇ ಚೀಲಕ್ಕಿಳಿಸುತ್ತೇನೆ.